ರಕ್ತದ ಗುಳಿಗೆ, ಇಲಿ ಔಷಧ

"ಮನ್ಯಾಗ ಇಲಿ ಔಷಧ ಐತೇನ್ರಿ?"

ಡಾಕ್ಟರು ಇದನ್ನು ಕೇಳಿದ್ದು ವಿಜಯಪುರದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ನಿಂತು. ಅವರ ಕೈಯಲ್ಲಿ ನಮ್ಮ ಅತ್ತೆಯ ರಕ್ತದ ವರದಿ ಇತ್ತು. ಯಾರ ಮುಖವನ್ನೂ ನೋಡದೆ ಆ ಕಾಗದವನ್ನೇ ನೋಡುತ್ತ ಕೇಳಿದರು. ಪಕ್ಕದಲ್ಲಿದ್ದ ನನ್ನ ಗಂಡ ಒಮ್ಮೆ ನನ್ನ ಕಡೆ ನೋಡಿ ತಕ್ಷಣ ಕಣ್ಣು ಇಳಿಸಿದರು. ಅವರ ಅಕ್ಕ ಶಾಂತಕ್ಕ ಮಾತ್ರ ಇಳಿಸಲಿಲ್ಲ.

ಅತ್ತೆ ಈಗ ಚೆನ್ನಾಗಿದ್ದಾರೆ. ರಕ್ತ ತೆಳು ಮಾಡುವ ಗುಳಿಗೆ ನುಂಗುವವರು ಯಾರ ಮನೆಯಲ್ಲಾದರೂ ಇದ್ದರೆ, ಅವರು ಇದನ್ನು ಮೊದಲು ತಿಳಿದುಕೊಂಡು ಮುಂದೆ ಓದಲಿ. ನನಗೆ ಮಾತ್ರ ಆ ಕಾರಿಡಾರಿನಿಂದ ಪೂರ್ತಿ ಹೊರಗೆ ಬರಲು ಇನ್ನೂ ಆಗಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಆ ಪ್ರಶ್ನೆ ಮತ್ತೆ ಕೇಳಿಸುತ್ತದೆ. ನಾನು ಮತ್ತೆ ಉತ್ತರ ಹುಡುಕುತ್ತೇನೆ. ಉತ್ತರ ಅಂದೂ ಒಂದೇ ಇತ್ತು, ಇಂದೂ ಒಂದೇ: ಹೌದು, ಮನೆಯಲ್ಲಿ ಇಲಿ ಔಷಧ ಇತ್ತು.

ನಮ್ಮ ಮನೆ ತಿಕೋಟಾದಲ್ಲಿ. ಮನೆಯ ಹಿಂದೆಯೇ ದ್ರಾಕ್ಷಿ ಒಣಗಿಸುವ ಶೆಡ್ಡು. ಒಣದ್ರಾಕ್ಷಿ, ನಮ್ಮ ಮಾತಿನ ಮಣೂಕ, ಆಗುವ ಕಾಲಕ್ಕೆ ಊರ ಇಲಿಗಳೆಲ್ಲ ನಮ್ಮ ಶೆಡ್ಡಿಗೆ ಬೀಗರ ಹಾಗೆ ಬರುತ್ತವೆ. ಆದ್ದರಿಂದ ಮೂಲೆ ಮೂಲೆಗೆ ನೀಲಿ ಬಿಲ್ಲೆ ಇಡುತ್ತೇವೆ. ಉಳಿದ ಪಾಕೀಟು ಗೋಡೆಯ ಮಾಡದ ಮೇಲೆ, ಕೈಗೆ ಸಿಗದ ಹಾಗೆ. ಇದರಲ್ಲಿ ಮುಚ್ಚಿಡುವುದು ಏನೂ ಇರಲಿಲ್ಲ, ಡಾಕ್ಟರು ಕೇಳುವವರೆಗೆ.

ಅತ್ತೆಯ ಎದೆಯಲ್ಲಿ ಲೋಹದ ಕವಾಟ ಇದೆ. ಚಿಕ್ಕಂದಿನ ಜ್ವರವೊಂದು ಹೃದಯಕ್ಕೆ ತಾಗಿ, ವಯಸ್ಸಾದ ಮೇಲೆ ಹಳೆಯ ಕವಾಟ ಕೆಟ್ಟು, ಬೆಳಗಾವಿಯಲ್ಲಿ ಬದಲಿಸಿದರು. ಮನೆ ಸದ್ದಿಲ್ಲದೆ ಇದ್ದಾಗ ಅವರ ಪಕ್ಕ ಕೂತರೆ ಗಡಿಯಾರದಂಥ ಸಣ್ಣ ಸದ್ದು ಕೇಳಿಸುತ್ತದೆ. ಆ ಲೋಹದ ಮೇಲೆ ರಕ್ತ ಗಡ್ಡೆ ಕಟ್ಟಬಾರದು. ಅದಕ್ಕೆ ಬದುಕಿರುವ ತನಕ ದಿನಾ ಒಂದು ಗುಳಿಗೆ. ಗುಳಿಗೆ ಹೆಚ್ಚಾದರೆ ರಕ್ತ ನಿಲ್ಲುವುದಿಲ್ಲ, ಕಡಿಮೆಯಾದರೆ ಕವಾಟ ಸಿಕ್ಕಿಕೊಳ್ಳುತ್ತದೆ. ಎರಡರ ನಡುವೆ ಇರಬೇಕಾದ ಒಂದು ಅಂಕಿ ಇದೆ. ತಿಂಗಳಿಗೊಮ್ಮೆ ವಿಜಯಪುರಕ್ಕೆ ಹೋಗಿ ರಕ್ತ ಕೊಟ್ಟು ಆ ಅಂಕಿ ನೋಡಿಸಿಕೊಂಡು ಬರುತ್ತಿದ್ದೆವು.

ಗುಳಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಬಿ.ಎಸ್ಸಿ. ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ. "ಕೆಮಿಸ್ಟ್ರಿ ಕಲ್ತಾಕಿ ಮನ್ಯಾಗ ಇರೂಮುಂದ ನಾ ಯಾಕ ಚಿಂತಿ ಮಾಡ್ಲಿ" ಎಂದು ಅತ್ತೆ ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದರು. ಸಂಜೆ ಉಂಡ ಮೇಲೆ ಅಂಗೈ ಚಾಚುತ್ತಿದ್ದರು, ನಾನು ಗುಳಿಗೆ ಇಡುತ್ತಿದ್ದೆ, ಅವರು ನೋಡದೆ ನುಂಗುತ್ತಿದ್ದರು. ಆ ನೋಡದೆ ನುಂಗುವುದು ಎಷ್ಟು ದೊಡ್ಡದು ಎಂದು ಆಗ ಗೊತ್ತಿರಲಿಲ್ಲ.

ನಮಗಿದ್ದ ಜಗಳ ತೊಪ್ಪಲಿನದು ಮಾತ್ರ. ಹಸಿರು ತೊಪ್ಪಲು ಹೆಚ್ಚು ತಿಂದರೆ ಗುಳಿಗೆಯ ಬಲ ತಗ್ಗುತ್ತದೆ, ಒಮ್ಮೆಲೇ ಬಿಟ್ಟರೆ ಏರುತ್ತದೆ ಎಂದು ಬೆಳಗಾವಿಯಲ್ಲಿ ಹೇಳಿ ಕಳಿಸಿದ್ದರು. ನಮ್ಮ ಕಡೆ ಹಸಿ ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತೊಪ್ಪಲು ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. "ತೊಪ್ಪಲ ಇಲ್ಲದ ರೊಟ್ಟಿ ತಿನ್ನಾಕ ನಾ ಏನ ಜೇಲಿನ್ಯಾಗ ಅದೀನೇನ?" ಎಂದು ಅತ್ತೆ ಗಂಗಾಳ ದೂಡಿದ್ದರು. ಕೊನೆಗೆ ದಿನಾ ಒಂದು ಹಿಡಿ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ರಾಜಿಯಾಯಿತು. ಆ ಒಂದು ಹಿಡಿಯ ಲೆಕ್ಕದಲ್ಲೇ ಅವರ ಅಂಕಿ ವರ್ಷಗಟ್ಟಲೆ ಅಲುಗಾಡದೆ ನಿಂತಿತ್ತು.

ಈ ಸಲ ಮಣೂಕದ ಕೆಲಸ ಜೋರಾದಾಗ ಅತ್ತೆಯ ಮೊಳಕಾಲು ಹಿಡಿದವು. ಹೆಂಗಸರ ಜೊತೆ ಕುಕ್ಕರಗಾಲಲ್ಲಿ ಕೂತು ಮಣೂಕ ಆರಿಸುವುದು ಬೇಡವೆಂದರೂ ಕೇಳಿರಲಿಲ್ಲ. ಸುದ್ದಿ ಕೇಳಿ ಸಾರವಾಡದಿಂದ ಶಾಂತಕ್ಕ ಬಂದಳು. ಆಕೆ ಅತ್ತೆಯ ಹಿರಿ ಮಗಳು, ತಾಯಿಯ ಮೇಲೆ ಜೀವ. ಬರುವಾಗ ಬಬಲೇಶ್ವರದ ಸಂತೆಯಿಂದ ಒಂದು ದೊಡ್ಡ ಬಾಟಲಿ ಎಣ್ಣೆ ತಂದಿದ್ದಳು. "ಬರೇ ಗಿಡದ ಎಣ್ಣಿ ಬೇ, ಇಂಗ್ಲಿಷ್ ಔಷಧ ಒಂದ ಹನಿ ಇಲ್ಲ" ಎಂದಳು. ಮುಂಜಾನೆ, ಮಧ್ಯಾಹ್ನ, ಸಂಜೆ ತಾಯಿಯ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು, ತೊಡೆಯಿಂದ ಹಿಮ್ಮಡಿಯವರೆಗೆ ಎಣ್ಣೆ ತಿಕ್ಕುವುದು, ಆಮೇಲೆ ಎಕ್ಕಿ ಎಲೆ ಹೆಂಚಿನ ಮೇಲೆ ಕಾಸಿ ಮೊಳಕಾಲಿಗೆ ಹೊಂದಿಸಿ ಹಳೇ ಇಲಕಲ್ ಸೀರೆಯ ಚೂರಿನಿಂದ ಬಿಗಿಯಾಗಿ ಕಟ್ಟುವುದು. ನಮ್ಮಲ್ಲಿ ತವರಿಗೆ ಬಂದ ಮಗಳು ತಾಯಿಯ ಕಾಲು ತಿಕ್ಕುವುದು ಹೊಸದಲ್ಲ. ಅತ್ತೆ ಕಣ್ಣು ಮುಚ್ಚಿ "ಯವ್ವಾ, ಜೀವ ಬಂತ ನೋಡ" ಎನ್ನುತ್ತಿದ್ದರು. ನೋಡಿ ನನಗೂ ಹಿತವೆನಿಸಿತ್ತು.

ಅದಾದ ಸ್ವಲ್ಪ ದಿನಕ್ಕೆ ನೀಲಿ ಕಲೆಗಳು ಕಂಡವು. ಮೊದಲು ಮುಂಗೈ ಮೇಲೆ ರೂಪಾಯಿ ಅಗಲ. ಬಳೆ ಒತ್ತಿರಬೇಕು ಎಂದುಕೊಂಡೆವು. ಆಮೇಲೆ ರಟ್ಟೆಯಲ್ಲಿ, ಬೆನ್ನಲ್ಲಿ. ಜಳಕ ಮಾಡಿಸುವಾಗ ಶಾಂತಕ್ಕ ನನ್ನನ್ನು ಕರೆದು ಬೆನ್ನು ತೋರಿಸಿದಳು.

"ಏನಿದು ಸುಜಾತಾ?"

"ಗೊತ್ತಿಲ್ರಿ ಅಕ್ಕಾರ. ಎಲ್ಲ್ಯಾರ ಬಡಿಸಿಕೊಂಡಾರೇನೋ."

"ತಾವಾಗಿ ಬೆನ್ನಿಗೆ ಬಡಿಸಿಕೋತಾರೇನ ಯಾರಾದರೂ?"

ಅಷ್ಟರಲ್ಲಿ ಮೊಸರು ಕೇಳಲು ಬಂದಿದ್ದ ಓಣಿಯ ಬಸವ್ವ ಬಾಗಿಲಲ್ಲೇ ನಿಂತು ಕತ್ತು ಚಾಚಿ ನೋಡಿದಳು. "ಯವ್ವಾ, ಸೊಸಿ ಕೈ ಭಾಳ ಬಿರುಸ ಕಾಣ್ತೈತಿ" ಎಂದು ನಕ್ಕಳು. ನಗೆಚಾಟಿಕೆಗೇ ಅಂದಿರಬಹುದು. ಆದರೆ ಆ ಮಾತು ಸಂಜೆಯೊಳಗೆ ಓಣಿ ದಾಟಿತ್ತು. ಮರುದಿನ ಕಿರಾಣಿ ಅಂಗಡಿಯಲ್ಲಿ ನಾನು ಹೋದ ಕೂಡಲೇ ಮಾತು ನಿಂತಿತು.

ನಾನು ಲ್ಯಾಬಿಗೆ ಹೋಗಿ ರಕ್ತ ತೋರಿಸೋಣ ಎಂದೆ. ಶೆಡ್ಡಿನಲ್ಲಿ ಕೆಲಸ ಇದೆ, ತಿಂಗಳ ಕೊನೆಗೆ ಹೇಗೂ ಹೋಗಬೇಕು ಎಂದರು ನಮ್ಮವರು. ತಿಂಗಳ ಕೊನೆ ಬರಲಿಲ್ಲ. ಒಂದು ಮುಂಜಾನೆ ಅತ್ತೆ ಮುಖ ತೊಳೆಯುವಾಗ ಮೂಗಿನಿಂದ ರಕ್ತ ಶುರುವಾಯಿತು. ಮೂಗು ಒತ್ತಿ ಹಿಡಿದೆವು, ತಣ್ಣೀರ ಬಟ್ಟೆ ಹಾಕಿದೆವು. ಬಟ್ಟೆ ಬದಲಾಯಿತು, ರಕ್ತ ನಿಲ್ಲಲಿಲ್ಲ. ವಸಡಿನಿಂದಲೂ ಬರುತ್ತಿತ್ತು. ಅತ್ತೆ ಬಾಯಿ ತುಂಬಿದ್ದನ್ನು ಉಗುಳಿ, "ಇದ ನನ್ನ ರಗತ ಅಲ್ಲ ಬಿಡ, ಇಷ್ಟ ತೆಳ್ಳಗ ಇರಂಗಿಲ್ಲ ನನ್ನ ರಗತ" ಎಂದರು. ಅವರು ಹೆದರಿದಾಗ ಹೀಗೇ ಮಾತಾಡುತ್ತಾರೆ. ಕಾರಿನಲ್ಲಿ ವಿಜಯಪುರ ಮುಟ್ಟುವವರೆಗೆ ನನ್ನ ಮಡಿಲಿನ ಟವೆಲ್ಲು ಭಾರವಾಗುತ್ತಲೇ ಹೋಯಿತು. ಆ ಭಾರ ನನ್ನ ತೊಡೆಗೆ ಈಗಲೂ ನೆನಪಿದೆ.

ಆಸ್ಪತ್ರೆಯಲ್ಲಿ ಅಂಕಿ ಯಂತ್ರ ತೋರಿಸುವ ಗಡಿಯನ್ನೇ ದಾಟಿತ್ತು. ಡಾಕ್ಟರು ಸಾಲಾಗಿ ಕೇಳಿದರು. ಗುಳಿಗೆ ತಪ್ಪಿ ಎರಡು ಸಲ ಕೊಟ್ಟಿದ್ದೀರಾ? ಇಲ್ಲ. ತೊಪ್ಪಲು ಬಿಟ್ಟಿದ್ದಾರಾ? ಇಲ್ಲ. ಜ್ವರ, ಭೇದಿ? ಇಲ್ಲ. ಬೇರೆ ಯಾವ ಔಷಧವನ್ನಾದರೂ ತಗೊಂಡಿದ್ದಾರಾ, ಮೈಕೈ ನೋವಿನ ಗುಳಿಗೆ ಏನಾದರೂ? "ಇಲ್ರಿ ಸರ್, ನನ್ನ ಎದುರಿಗೇ ಇರ್ತಾಳ ಅವ್ವ, ಒಂದ ಗುಳಗಿ ಸೈತ ಬ್ಯಾರೆ ಮುಟ್ಟಿಲ್ಲ" ಎಂದಳು ಶಾಂತಕ್ಕ. ನಾನೂ ಹೌದೆಂದೆ. ನಾವು ಮೂವರೂ ಸತ್ಯವನ್ನೇ ಹೇಳುತ್ತಿದ್ದೆವು.

ಆಗಲೇ ಅವರು ಇಲಿ ಔಷಧದ ಮಾತು ಕೇಳಿದ್ದು.

ಅತ್ತೆಯನ್ನು ಒಳಗೆ ಮಲಗಿಸಿದರು. ರಕ್ತ ಹಾಕಿದರು, ಗುಳಿಗೆಯನ್ನು ತಡೆಯುವ ವಿಟಮಿನ್ನಿನ ಸೂಜಿ ಕೊಟ್ಟರು. ಡಾಕ್ಟರು ನಮ್ಮವರನ್ನು ಕರೆದು ಹೇಳಿದ್ದು ಇಷ್ಟು: ಬರೀ ಗುಳಿಗೆಯ ಕಾರಣವಾಗಿದ್ದರೆ ಅಂಕಿ ಇಳಿದು ಅಲ್ಲೇ ನಿಲ್ಲುತ್ತದೆ. ಇಲಿ ಔಷಧ ಹೊಟ್ಟೆಗೆ ಹೋಗಿದ್ದರೆ ಇಳಿದದ್ದು ಮತ್ತೆ ಏರುತ್ತದೆ, ಅದು ಮೈಯಲ್ಲಿ ವಾರಗಟ್ಟಲೆ ಇರುತ್ತದೆ. ಹಾಗಾದರೆ ಪೊಲೀಸರಿಗೆ ತಿಳಿಸುವುದು ತಪ್ಪುವುದಿಲ್ಲ.

ನಮ್ಮವರು ತಿಕೋಟಾಕ್ಕೆ ಹೋಗಿ ಆ ಪಾಕೀಟು ತಂದರು. ಒಡೆದದ್ದು ಅದೊಂದೇ, ಬಿಲ್ಲೆಗಳನ್ನು ಇಟ್ಟವರು ಅವರೇ. ಪಾಕೀಟಿನ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹಾಕಿ ಓದಿದೆ. ಓದಬಾರದಿತ್ತು. ಆ ಬಿಲ್ಲೆಯೂ ಅತ್ತೆಯ ಗುಳಿಗೆಯೂ ಒಂದೇ ಮನೆಯ ಮಕ್ಕಳು. ಎರಡಕ್ಕೂ ತಾಯಿ ಕೂಮರಿನ್, ಹುಲ್ಲಿನಲ್ಲಿ ಇರುವ ಒಂದು ಸುವಾಸನೆಯ ವಸ್ತು. ಒಣಗುವ ಹುಲ್ಲಿನ ಬಣವೆಯ ಹತ್ತಿರ ನಿಂತರೆ ಬರುವ ಸಿಹಿ ವಾಸನೆ ಅದರದೇ. ಒಂದು ಮಗುವನ್ನು ಹೃದಯದವರಿಗೆ ಕೊಟ್ಟಿದ್ದಾರೆ, ಇನ್ನೊಂದನ್ನು ಇಲಿಗಳಿಗೆ. ನಾನು ಮೊಬೈಲನ್ನು ಬೋರಲು ಹಾಕಿದೆ. ದಿನಾ ಸಂಜೆ ಅವರ ಅಂಗೈಯಲ್ಲಿ ನಾನು ಏನನ್ನು ಇಡುತ್ತಿದ್ದೆ?

ನನ್ನ ಮುಖ ನೋಡಿ ಶಾಂತಕ್ಕ ಮೊಬೈಲು ಕಸಿದು ತಮ್ಮನಿಗೆ ಕೊಟ್ಟಳು. "ಓದಿ ಹೇಳ ಲೇ." ನಮ್ಮವರು ಓದಿ ಹೇಳಿದರು.

"ಅಂದ್ರ ಇಲಿ ಔಷಧಾನ ಗುಳಗಿ ಮಾಡಿ ಕೊಡ್ತಾರು" ಎಂದಳು ಶಾಂತಕ್ಕ.

"ಹಂಗಲ್ರಿ ಅಕ್ಕಾರ. ಪ್ರಮಾಣ ಬ್ಯಾರೆ, ಕೆಲಸ—"

"ನೀ ಕಲ್ತಾಕಿ ಅದಿ. ನಿನಗ ಎಲ್ಲಾ ಗೊತ್ತಿರತೈತಿ."

ಆ ಮಾತನ್ನು ಅವಳು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಉತ್ತರ ಕೊಡಬಹುದಿತ್ತು.

ಅಂದಿನಿಂದ ನನ್ನ ಕೈಯ ನೀರೂ ಅತ್ತೆಗೆ ಹೋಗಲಿಲ್ಲ. ಊಟ ಸಾರವಾಡದಿಂದ ಬರುತ್ತಿತ್ತು. ಡಬ್ಬಿಯನ್ನು ಶಾಂತಕ್ಕ ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ. ನಮ್ಮವರು ನನ್ನ ಪಕ್ಕ ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು, ಮತ್ತೆ ಬಂದು ಕೂರುತ್ತಿದ್ದರು. "ನಿಮಗೂ ಹಂಗ ಅನ್ನಿಸ್ತೈತೇನ್ರಿ?" ಎಂದು ಕೇಳಿಯೇಬಿಟ್ಟೆ.

"ಹುಚ್ಚಿ ಅದಿಯೇನ" ಎಂದರು. ಇಲ್ಲ ಎನ್ನಲಿಲ್ಲ. ನಾನು ಆ ಎರಡರ ಅಂತರವನ್ನು ಅಳೆಯುತ್ತ ಕೂತೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಅರಕೇರಿಯ ಹೆಂಗಸೊಬ್ಬಳು ಗಂಡನಿಗಾಗಿ ಕಾಯುತ್ತಿದ್ದಳು. ನಾನು ಏನೂ ತಿನ್ನದೆ ಕೂತದ್ದನ್ನು ನೋಡಿ ತನ್ನ ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಕೈಗೆ ಕೊಟ್ಟಳು. "ತಿನ್ರಿ ಯವ್ವಾ, ದವಾಖಾನ್ಯಾಗ ಉಪಾಸ ಮಾಡಿದ್ರ ದೇವರಿಗೂ ಗೊತ್ತಾಗಂಗಿಲ್ಲ." ರೊಟ್ಟಿ ಕೈಯಲ್ಲಿ ಹಿಡಿದು ನಾನು ಒಂದು ಗಳಿಗೆ ಅದರಲ್ಲಿ ಏನಿರಬಹುದು ಎಂದು ನೋಡಿದೆ. ಪರಿಚಯವೇ ಇಲ್ಲದ ಆಕೆ ನನಗೇನು ಹಾಕಿಯಾಳು? ಆದರೂ ನೋಡಿದೆ. ಸಂಶಯ ಒಮ್ಮೆ ಮನೆ ಮಾಡಿದ ಮೇಲೆ ಅದಕ್ಕೆ ಕಾರಣ ಬೇಕಾಗುವುದಿಲ್ಲ ಎಂದು ಅಲ್ಲಿ ತಿಳಿಯಿತು.

ಅಂಕಿ ಇಳಿಯಿತು. ಮೂಗಿನ ರಕ್ತ ನಿಂತಿತು. ಶಾಂತಕ್ಕನ ಮುಖ ಸಡಿಲವಾಯಿತು, ನಮ್ಮವರು ನನಗೆ ಚಹಾ ತಂದುಕೊಟ್ಟರು. ಹೀಗೇ ಬಿಟ್ಟರೆ ಕವಾಟಕ್ಕೆ ಅಪಾಯ ಎಂದು ಡಾಕ್ಟರು ಗುಳಿಗೆಯನ್ನು ತೀರಾ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ನರ್ಸ್ ತನ್ನ ಕೈಯಾರೆ ಕೊಡುತ್ತಿದ್ದಳು. ಆಮೇಲೆ ಮಾಡಿದ ಪರೀಕ್ಷೆಯಲ್ಲಿ ಅಂಕಿ ಮತ್ತೆ ಏರಿತ್ತು.

"ಇಷ್ಟ ಸಣ್ಣ ಡೋಸಿಗೆ ಇಷ್ಟ ಏರಬಾರದು" ಎಂದರು ಡಾಕ್ಟರು. ಈ ಸಲ ನೇರವಾಗಿ ನಮ್ಮ ಮುಖ ನೋಡಿದರು. ನಾಳೆಯ ವರದಿ ನೋಡಿ ಪೊಲೀಸರ ವಿಷಯ ಎಂದರು.

ಅವರು ಹೋದ ಮೇಲೆ ಶಾಂತಕ್ಕ ನನ್ನ ಎದುರಿಗೆ ಬಂದು ನಿಂತಳು. "ಇನ್ನ ನೀ ಈ ಬಾಗಿಲ ದಾಟಬ್ಯಾಡ."

ಅಷ್ಟು ದಿನ ಸುಮ್ಮನಿದ್ದ ನನಗೆ ಅದೆಲ್ಲಿಂದ ಮಾತು ಬಂತೋ. "ಅಕ್ಕಾರ, ಊಟ ನಿಮ್ಮ ಕೈಯಾಂದು. ನೀರು ನಿಮ್ಮ ಕೈಯಾಂದು. ಗುಳಗಿ ನರ್ಸ್ ಕೈಯಾಂದು. ನಾ ಹೊರಗ ಕುಂತೀನಿ. ಮತ್ತ ಹೆಂಗ ಏರಿತು?"

"ಹಂಗಂದ್ರ ಏನ ಲೇ? ನಮ್ಮವ್ವಗ ನಾ ವಿಷ ಹಾಕೀನಿ ಅಂತಿಯೇನ?"

"ನೀವು ಬಾಯಿ ಬಿಡದ ನನಗ ಅದನ್ನ ಅನ್ನಾಕತ್ತೀರಿ. ನಾ ಬಾಯಿ ಬಿಟ್ಟ ಕೇಳಿದ್ನಿ, ಅಷ್ಟ."

ನಮ್ಮವರು ನಡುವೆ ಬಂದು "ಸುಮ್ನಿರ್ರಿ ಇಬ್ಬರೂ, ಮಂದಿ ನೋಡಾಕತ್ತಾರ" ಎಂದರು. ಮಂದಿ ನೋಡುತ್ತಿದ್ದದ್ದು ಹೌದು. ಆದರೆ ನಾನು ಸುಮ್ಮನೆ ಬಾಯಿಗೆ ಬಂದದ್ದು ಅಂದಿರಲಿಲ್ಲ. ನಿಜವಾಗಿಯೂ ಅವಳ ಮೇಲೆ ಸಂಶಯ ಬಂದಿತ್ತು. ಗಾಂಧಿ ಚೌಕದ ಔಷಧ ಅಂಗಡಿಯ ಮೇಲೂ ಬಂದು, ಅಲ್ಲಿಗೆ ಹೋಗಿ ನಮ್ಮ ಗುಳಿಗೆಯ ಪಟ್ಟಿಯನ್ನು ಅವರ ಹೊಸ ಪಟ್ಟಿಯ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ ಬಂದಿದ್ದೆ. ಎರಡೂ ಒಂದೇ. ಅಂಗಡಿಯವನು "ಏನಾಗೇತ್ರಿ ಅಕ್ಕಾರ?" ಎಂದು ಕೇಳಿದ್ದಕ್ಕೆ ಅವನ ಮೇಲೂ ಸಂಶಯ.

ಮಧ್ಯಾಹ್ನ ಶಾಂತಕ್ಕ ಜಳಕಕ್ಕೆಂದು ಸಾರವಾಡಕ್ಕೆ ಹೋದಳು. ತಮ್ಮನನ್ನು ಬಾಗಿಲಲ್ಲಿ ಕೂರಿಸಿ ಹೋಗಿದ್ದಳು. ನಮ್ಮವರು ನನ್ನನ್ನು ನೋಡಿದರು. ಆಮೇಲೆ ಎದ್ದು, "ನಾ ಬಿಲ್ಲಿನ ಕಡೆ ಹೋಗಿ ಬರ್ತೀನಿ. ಅವ್ವನ ಹತ್ರ ಕುಂಡ್ರು" ಎಂದರು. ನನ್ನ ಗಂಡ ನನಗೆ ಕೊಟ್ಟ ಎಲ್ಲ ಮಾತುಗಳಲ್ಲಿ ಅದು ದೊಡ್ಡದು.

ಅತ್ತೆ ಎಚ್ಚರವಿದ್ದರು. ನನ್ನನ್ನು ನೋಡಿ, "ಎಲ್ಲಿ ಹಾಳಾಗಿ ಹೋಗಿದ್ದಿ ಇಷ್ಟ ದಿನ?" ಎಂದರು. ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕಣ್ಣು ಒರೆಸಿಕೊಂಡೆ.

"ಕಾಲಾಗಿನ ಎಲಿ ಬಿಚ್ಚ. ಉರಿಯಾಕತ್ತೈತಿ."

ಹೊದಿಕೆ ಸರಿಸಿದೆ. ಆಸ್ಪತ್ರೆಯ ಹಾಸಿಗೆಯ ಮೇಲೂ ಮೊಳಕಾಲಿಗೆ ಅದೇ ಬಟ್ಟೆ, ಅದೇ ಎಕ್ಕಿ ಎಲೆ. ಎಣ್ಣೆ ತಿಕ್ಕುವುದನ್ನು ಶಾಂತಕ್ಕ ಇಲ್ಲಿಯೂ ಬಿಟ್ಟಿರಲಿಲ್ಲ. ಗಂಟು ಬಿಚ್ಚಿದ ಕೂಡಲೇ ಒಳಗೆ ಬೆವರಿ ಬೆಂದಿದ್ದ ವಾಸನೆ ಮುಖಕ್ಕೆ ಹೊಡೆಯಿತು. ನಾನು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ.

ಅದು ನಾನು ಓದಿದ ವಿಜಯಪುರದ ಕಾಲೇಜಿನ ಪ್ರಯೋಗಾಲಯದ ವಾಸನೆ. ಸ್ಯಾಲಿಸಿಲಿಕ್ ಆಮ್ಲದ ಬಿಳಿ ಪುಡಿಗೆ ಮಿಥೈಲ್ ಆಲ್ಕೋಹಾಲು, ಎರಡು ಹನಿ ಗಂಧಕಾಮ್ಲ, ಬಿಸಿ ನೀರಲ್ಲಿ ಸ್ವಲ್ಪ ಹೊತ್ತು. ಬೀಕರಿನ ನೀರಿಗೆ ಸುರಿದರೆ ಇಡೀ ಕೋಣೆ ಅಜ್ಜಿಯರ ಹಾಸಿಗೆಯ ವಾಸನೆ. ಹುಡುಗಿಯರೆಲ್ಲ ಬೆನ್ನು ನೋವೆಂದು ನಟಿಸಿ ನಕ್ಕಿದ್ದೆವು. ಆ ವಸ್ತುವಿನ ಹೆಸರು ಮಿಥೈಲ್ ಸ್ಯಾಲಿಸಿಲೇಟ್. ನೋವಿನ ಮುಲಾಮುಗಳಲ್ಲಿ ಇರುವುದು ಅದೇ. ರಕ್ತ ತೆಳುವಾಗಿಸುವ ಇನ್ನೊಂದು ಹೆಸರಾಂತ ಗುಳಿಗೆಗೂ ಅದಕ್ಕೂ ಅಜ್ಜ ಒಬ್ಬನೇ, ಆ ಬಿಳಿ ಪುಡಿ.

ಮನೆಯಲ್ಲಿ ದಿನಕ್ಕೆ ಮೂರು ಸಲ ಆ ವಾಸನೆ ಬಂದಾಗ ನನಗೆ ಹೊಳೆದಿರಲಿಲ್ಲ. ವಾರ್ಡಿನ ನರ್ಸುಗಳಿಗೂ ಹೊಳೆದಿರಲಿಲ್ಲ. ಅಲ್ಲಿದ್ದ ಎಲ್ಲ ವಯಸ್ಸಾದವರ ಹಾಸಿಗೆಯಲ್ಲೂ ಹೆಚ್ಚುಕಡಿಮೆ ಅದೇ ವಾಸನೆ. ಔಷಧ ಅಂದರೆ ನುಂಗುವುದು, ಸೂಜಿಯಲ್ಲಿ ಹೋಗುವುದು. ತಿಕ್ಕುವುದು ಸೇವೆ. ನಮ್ಮಲ್ಲಿ ಯಾರೂ ಅದನ್ನು ಔಷಧದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಸಿಗೆಯ ಕೆಳಗಿನ ಚೀಲದಲ್ಲಿ ಬಾಟಲಿ ಇತ್ತು. ಮುಚ್ಚಳ ತೆಗೆದು ಮೂಸಿದೆ. ಆಗ ಇನ್ನೊಂದು ಸಂಶಯ ಬಂತು, ಈ ಸಲ ನನ್ನ ಮೇಲೆಯೇ. ಬಾಟಲಿ ಶಾಂತಕ್ಕನದು ಎಂಬ ಕಾರಣಕ್ಕೇ ನನಗೆ ಇದು ಇಷ್ಟು ಬೇಗ ಹೊಳೆಯುತ್ತಿದೆಯೇ? ನಾನು ತಪ್ಪಿಸಿಕೊಳ್ಳಲು ಅವಳನ್ನು ಮುಂದೆ ದೂಡುತ್ತಿದ್ದೇನೆಯೇ? ಬಾಟಲಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ನಡೆದೆ.

ಅವರು ಮುಚ್ಚಳ ತೆಗೆದು ಒಮ್ಮೆ ಮೂಸಿ, ಕುರ್ಚಿಗೆ ಒರಗಿದರು. "ಎಷ್ಟ ಹಚ್ಚತೀರಿ?"

"ತೊಡೆಯಿಂದ ಹಿಮ್ಮಡಿ ತನಕ ಸರ್. ದಿನಕ್ಕ ಮೂರ ಹೊತ್ತು. ಮ್ಯಾಲೆ ಬಿಸಿ ಎಲಿ ಕಟ್ಟತಾರ."

"ಬ್ಯಾರೆ ಔಷಧ ಏನಾರ ಐತೇನು ಅಂತ ನಾ ಕೇಳಿದ್ನಲ್ಲ?"

"ಇದು ಔಷಧ ಅಂತ ಯಾರಿಗೂ ಅನಿಸಿಲ್ರಿ."

ಅವರು ಬೇಸರದಿಂದ ತಲೆ ಆಡಿಸಿದರು. ಈ ವಸ್ತು ಚರ್ಮದಿಂದ ಒಳಗೆ ಹೋಗುತ್ತದೆ, ಬಿಸಿ ಮಾಡಿ ಬಿಗಿದು ಕಟ್ಟಿದರೆ ಇನ್ನೂ ಹೆಚ್ಚು, ಒಳಗೆ ಹೋದ ಮೇಲೆ ಗುಳಿಗೆಯ ಬಲವನ್ನು ಏರಿಸುತ್ತದೆ ಎಂದರು. ಇದೇ ಕಾರಣ ಎಂದು ನೂರಕ್ಕೆ ನೂರು ಹೇಳಲಾರೆ, ಎಣ್ಣೆ ನಿಲ್ಲಿಸಿ ನೋಡೋಣ ಎಂದರು. ಪೊಲೀಸರ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ನರ್ಸ್ ಸಾಬೂನು ಹಾಕಿ ಅತ್ತೆಯ ಕಾಲು ತೊಳೆಯುತ್ತಿದ್ದಾಗ ಶಾಂತಕ್ಕ ಡಬ್ಬಿ ಹಿಡಿದು ಬಂದಳು. ಡಾಕ್ಟರು ಅವಳಿಗೆ ತಾವೇ ಹೇಳಿದರು. ಅವಳು ಮೊದಲು ನಂಬಲಿಲ್ಲ. "ಅದ ಗಿಡದ ಎಣ್ಣಿ ಐತ್ರಿ ಸರ್, ಬರೇ ಎಣ್ಣಿ." ಆಮೇಲೆ ನನ್ನ ಕಡೆ ತಿರುಗಿದಳು. "ಇದನ್ನ ನೀ ಹುಡುಕಿ ತಗದಿ?" ಹೊಗಳಿಕೆಯಲ್ಲ. ಅವಳಿಗೂ ನನ್ನ ಮೇಲೆ ಆ ಸಂಶಯವೇ ಬಂದಿತ್ತು, ನನಗೇ ಬಂದಿದ್ದು.

ಎಣ್ಣೆ ನಿಂತಿತು. ಮರುದಿನ ಅಂಕಿ ಏರಲಿಲ್ಲ. ಅದರ ಮರುದಿನ ಇಳಿಯಿತು. ಆಮೇಲೆ ಅದೇ ಸಣ್ಣ ಗುಳಿಗೆಯ ಮೇಲೆ ಅಲ್ಲೇ ನಿಂತಿತು. ಇಲಿ ಔಷಧ ಹೋಗಿದ್ದರೆ ಹಾಗೆ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಶಾಂತಕ್ಕ ಗೋಡೆ ಹಿಡಿದು ಕೆಳಗೆ ಕೂತಳು. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಈ ಕೈಲೆ..." ಎಂದಳು.

ನಾನು ಅವಳನ್ನು ಸಮಾಧಾನ ಮಾಡಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮಾಡಲಿಲ್ಲ. ಪಕ್ಕದಲ್ಲಿ ಕೂತೆ, ಅಷ್ಟೇ. ಅವಳು ಡಬ್ಬಿ ಬಿಚ್ಚಿ ನನ್ನ ಮುಂದೆ ಸರಿಸಿದಳು. ಪುಂಡಿ ಪಲ್ಯ, ರೊಟ್ಟಿ. ಇಬ್ಬರೂ ಕೈ ಹಾಕಲಿಲ್ಲ. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು.

"ಮೊದಲ ನೀ ತಿನ್ನ" ಎಂದಳು.

"ನೀವ ತಿನ್ರಿ ಅಕ್ಕಾರ. ನಿಮ್ಮ ಮನೀದು."

ಅವಳಿಗೆ ನಗು ಬಂತು. ನಗುತ್ತಲೇ ಅತ್ತಳು. ಒಂದೇ ರೊಟ್ಟಿಯ ಎರಡು ಅಂಚನ್ನು ಇಬ್ಬರೂ ಒಟ್ಟಿಗೆ ಮುರಿದೆವು. ಕ್ಷಮೆಯ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಇಂದಿಗೂ ಬಂದಿಲ್ಲ.

ಅತ್ತೆಯನ್ನು ಮನೆಗೆ ಕರೆತಂದೆವು. ಕಷ್ಟ ಮುಗಿಯಿತೆಂದುಕೊಂಡದ್ದು ನಮ್ಮ ತಿಳಿಗೇಡಿತನ. ಅವರ ಮೂಗು, ವಸಡು, ಬೆನ್ನು ಎಲ್ಲ ಸರಿಯಾಗಿತ್ತು. ಕಿವಿಯೂ ಸರಿಯಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಾಗಿಲಾಚೆ ನಾವಾಡಿದ ಮಾತುಗಳಲ್ಲಿ ಎಷ್ಟನ್ನು ಕೇಳಿಸಿಕೊಂಡಿದ್ದರೋ, ಉಳಿದದ್ದನ್ನು ಬಸವ್ವ ಬಂದು ತುಂಬಿಸಿದಳು. ಸಂಜೆ ಗುಳಿಗೆ ಹಿಡಿದು ಹೋದೆ. ಅಂಗೈ ಚಾಚಲಿಲ್ಲ.

"ಇಲಿಗೆ ಹಾಕೂ ಔಷಧ ನನಗ ಬ್ಯಾಡ."

"ಅತ್ತಿ, ಅದು ಬ್ಯಾರೆ, ಇದು ಬ್ಯಾರೆ."

"ಎರಡೂ ಒಂದ ತಾಯಿ ಮಕ್ಕಳು ಅಂತ ನೀನ ಅಂದೀಯಂತ."

ಹೌದು, ಆಸ್ಪತ್ರೆಯಲ್ಲಿ ನಮ್ಮವರಿಗೆ ಹೇಳಿದ್ದೆ. ಆ ಸಂಜೆ ಅವರು ನುಂಗಲಿಲ್ಲ. ಮರುದಿನವೂ ನುಂಗಲಿಲ್ಲ. ನಮ್ಮವರು ಕಾಲು ಹಿಡಿದು ಕೇಳಿಕೊಂಡರು. ಶಾಂತಕ್ಕ ಸಾರವಾಡದಿಂದ ಫೋನಿನಲ್ಲಿ "ಏನೂ ಆಗಂಗಿಲ್ಲ ಬೇ ಯವ್ವಾ, ನುಂಗ" ಎಂದು ಅತ್ತಳು. ಡಾಕ್ಟರು ಫೋನಿನಲ್ಲಿ "ಏನೂ ಆಗಂಗಿಲ್ಲ ಅಜ್ಜಿ, ಬರೇ ಔಷಧ ಐತಿ, ತಗೋರಿ" ಎಂದರು. ಆಮೇಲೆ ಫೋನಿನಲ್ಲೇ ನಮಗೆ ಬೇರೆಯಾಗಿ, ಇನ್ನೂ ತಡವಾದರೆ ಕವಾಟದ ಮೇಲೆ ಗಡ್ಡೆ ಕಟ್ಟಿ ಅದು ಮೆದುಳಿಗೆ ಹೋದೀತು ಎಂದರು. ನಾನು ಅತ್ತೆಯ ಮಾತು ತೊದಲುತ್ತಿದೆಯೇ, ಬಾಯಿ ಸೊಟ್ಟಗಾಗುತ್ತಿದೆಯೇ ಎಂದು ನೋಡುತ್ತ ಅವರ ಹಿಂದೆ ಹಿಂದೆ ತಿರುಗುತ್ತಿದ್ದೆ. ಅವರು ಅದನ್ನೂ ಗಮನಿಸಿದರು. "ಯಾಕ ನನ್ನ ಬಾಯಿ ನೋಡಾಕತ್ತಿ? ಸಾಯೂದು ಕಾಯಾಕತ್ತಿಯೇನ?"

ಮತ್ತೊಂದು ಸಂಜೆ. ಉಂಡು ಪಡಸಾಲೆಯ ಕಟ್ಟೆಗೆ ಒರಗಿ ಕೂತಿದ್ದರು. ನಾನು ಮುಂದೆ ಹೋಗಿ ಗುಳಿಗೆ ಹಿಡಿದು ನಿಂತೆ. ಅವರು ಅದನ್ನೂ ನನ್ನನ್ನೂ ನೋಡಿದರು.

"ಒಂದ ಕೆಲಸ ಮಾಡ. ಮೊದಲ ನೀ ಒಂದ ನುಂಗ. ನನ್ನೆದುರಿಗೇ. ಆಮ್ಯಾಲೆ ನಾ ನುಂಗ್ತೀನಿ."

ಅಂಗಳದಲ್ಲಿದ್ದ ನಮ್ಮವರು ಕೇಳಿಸಿಕೊಂಡು ಹೊಸಿಲ ಹತ್ತಿರ ಬಂದರು. ಒಂದು ಗುಳಿಗೆಯಿಂದ ನನಗೆ ಬಹುಶಃ ಏನೂ ಆಗುತ್ತಿರಲಿಲ್ಲ. ನುಂಗಿಬಿಟ್ಟಿದ್ದರೆ ಆ ಕ್ಷಣ ಮುಗಿದುಹೋಗುತ್ತಿತ್ತು. ನನ್ನ ಕೈ ಮೇಲೆ ಏಳಲಿಲ್ಲ. ಕಾರಿನಲ್ಲಿ ಮಡಿಲಿನ ಮೇಲಿದ್ದ ಟವೆಲ್ಲು ನೆನಪಾಯಿತು, ಬೆನ್ನಿನ ಕಲೆಗಳು ನೆನಪಾದವು. ಹೆದರಿಕೆಯಾಯಿತು. ಆ ಹೆದರಿಕೆ ನನ್ನ ಮುಖದಲ್ಲಿ ಕಂಡಿರಲೇಬೇಕು, ಅತ್ತೆಯ ಕಣ್ಣು ಸಣ್ಣಗಾದವು.

"ಯಾಕ? ಅಂಜಿಕಿ ಬಂತೇನ?"

"ಬಂತ್ರಿ" ಎಂದೆ. "ನಾ ನುಂಗಂಗಿಲ್ಲ. ನನಗ ಇದು ವಿಷನ ಅತ್ತಿ. ನನ್ನ ಎದ್ಯಾಗ ಕಬ್ಬಿಣ ಇಲ್ಲ. ನಿಮ್ಮ ಎದ್ಯಾಗ ಐತಿ, ಅದಕ್ಕ ನಿಮಗ ಔಷಧ. ನಿಮಗೂ ಒಂದ ಚೂರ ಹೆಚ್ಚಾದ್ರ ವಿಷ, ಬಿಟ್ರ ಸಾವು. ನಾ ಸುಳ್ಳ ಹೇಳಂಗಿಲ್ಲ."

ನಮ್ಮವರು "ಸುಜಾತಾ!" ಎಂದು ಗದರಿದರು. ಅತ್ತೆ ಕೈ ಎತ್ತಿ ಮಗನನ್ನು ತಡೆದರು.

"ಎಲ್ಲಾರೂ ಏನೂ ಆಗಂಗಿಲ್ಲ, ಏನೂ ಆಗಂಗಿಲ್ಲ ಅಂದ್ರು" ಎಂದರು. "ಏನ ಮುಚ್ಚಿಡಾಕತ್ತಾರು ಅಂತ ನನಗ ನಿದ್ದಿ ಬಂದಿಲ್ಲ. ನೀ ಒಬ್ಬಾಕಿ ವಿಷ ಅಂದಿ."

ಅಂಗೈ ಚಾಚಿದರು. ನಾನು ಗುಳಿಗೆ ಇಟ್ಟೆ. ಈ ಸಲ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಎರಡೂ ಮಗ್ಗುಲು ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾನು ಹೋಗದೆ ನಿಂತೇ ಇದ್ದೆ.

"ಮತ್ತೇನ?"

"ಬಾಯಿ ತೆರಿರಿ."

"ಪೊಲೀಸಾಕಿ ಆದಿಯೇನ ನೀ?" ಎನ್ನುತ್ತ ಅತ್ತೆ ಬಾಯಿ ಅಗಲಿಸಿ, ನಾಲಿಗೆಯನ್ನು ಮೇಲಕ್ಕೆತ್ತಿ ಹಿಡಿದರು. ನಾನು ಬಗ್ಗಿ ಅದರ ಕೆಳಗೂ ನೋಡಿದೆ.